ನಾಯಿಗೂ ಇರಲಿ ಒಂದು ಗುರುತಿನ ಸಂಖ್ಯೆ

ನಾಯಿ ಕಚ್ಚಿದವರು ಬಂದಾಗ ವೈದ್ಯರು ಕೇಳುವ ಪ್ರಶ್ನೆಗಳು ನಾಲ್ಕೇ. ಯಾವಾಗ ಕಚ್ಚಿತು? ಗಾಯ ತೊಳೆದಿರಾ? ನಾಯಿ ಯಾರದು? ಅದಕ್ಕೆ ಲಸಿಕೆ ಹಾಕಿಸಿದ್ದಾರೆಯೇ? ಮೊದಲ ಎರಡಕ್ಕೆ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ‘ಯಾರ ಮನೇದೋ ಗೊತ್ತಿಲ್ಲ ಸಾರ್’ ಎಂಬ ಉತ್ತರ ಬಂದರೆ ನಾಲ್ಕನೆಯದನ್ನು ಕೇಳಿ ಪ್ರಯೋಜನವಿಲ್ಲ.

ನಂಜನಗೂಡು, ತಿ. ನರಸೀಪುರದಂಥ ಊರುಗಳಲ್ಲಿ ಸಾಕಿದ ನಾಯಿ ಯಾವುದು, ಬೀದಿ ನಾಯಿ ಯಾವುದು ಎಂದು ಹೇಳುವುದು ಸುಲಭವಲ್ಲ. ಮನೆಯಲ್ಲಿ ಮುದ್ದೆ ತಿಂದು, ಹಗಲೆಲ್ಲ ಬೀದಿ ಸುತ್ತಿ, ರಾತ್ರಿ ಜಗಲಿಯಲ್ಲಿ ಮಲಗುವ ನಾಯಿಗಳು ಎಷ್ಟೋ ಇವೆ. ನಂಜನಗೂಡಿನ ದೊಡ್ಡ ಜಾತ್ರೆಯ ನೂಕುನುಗ್ಗಲಿನಲ್ಲಿ, ತ್ರಿವೇಣಿ ಸಂಗಮದ ಕುಂಭಮೇಳದ ಗದ್ದಲದಲ್ಲಿ, ದೀಪಾವಳಿಯ ಪಟಾಕಿ ಸದ್ದಿಗೆ ಬೆದರಿ ಓಡಿದ ನಾಯಿ ನಾಲ್ಕು ಬೀದಿ ದಾಟಿದರೆ ಸಾಕು, ಅದು ಯಾರಿಗೂ ಸೇರದ ನಾಯಿಯಾಗಿಬಿಡುತ್ತದೆ. ಬೆದರಿದ ನಾಯಿ ಕಚ್ಚುವ ಸಂಭವವೂ ಹೆಚ್ಚು.

ಗುರುತು ಏಕೆ ಮುಖ್ಯ?

ರೇಬೀಸ್ ಅಥವಾ ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವವರು ಇಲ್ಲವೆಂದೇ ಹೇಳಬೇಕು. ಆದರೆ ಲಕ್ಷಣ ಕಾಣಿಸುವ ಮುನ್ನ, ಸಕಾಲದಲ್ಲಿ ಸರಿಯಾದ ಚಿಕಿತ್ಸೆ ಪಡೆದರೆ ರೋಗ ಬಾರದಂತೆ ತಡೆಯಬಹುದು. ಕಚ್ಚಿದ ದಿನಕ್ಕೂ ರೋಗ ಕಾಣಿಸುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ಒಂದು ವಾರ, ಕೆಲವೊಮ್ಮೆ ಒಂದು ವರ್ಷವೇ ಆಗಬಹುದು.

ನಾಯಿಯ ವಿಷಯ ಬೇರೆ. ರೋಗ ತಗಲಿದ ನಾಯಿಯ ಜೊಲ್ಲಿನಲ್ಲಿ ವೈರಸ್ ಬರತೊಡಗಿದ ಮೇಲೆ ಅದು ಹೆಚ್ಚು ದಿನ ಬದುಕುವುದಿಲ್ಲ. ಆದ್ದರಿಂದಲೇ ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಿ ಎಂದು ವೈದ್ಯರು ಹೇಳುವುದು. ಹತ್ತು ದಿನ ಕಳೆದರೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲವೆಂದು ತಿಳಿಯಬಹುದು. ಉಳಿದ ಚುಚ್ಚುಮದ್ದಿನ ಬಗ್ಗೆ ಆಗ ವೈದ್ಯರು ತೀರ್ಮಾನಿಸುತ್ತಾರೆ. ನಾಯಿ ಸತ್ತರೆ ಅದು ಇನ್ನೂ ಯಾರು ಯಾರನ್ನು ಕಚ್ಚಿದೆ, ಮನೆಯ ಮಕ್ಕಳ ಗಾಯವನ್ನು ನೆಕ್ಕಿದೆಯೇ ಎಂದು ಹುಡುಕಿ ಎಲ್ಲರಿಗೂ ಚಿಕಿತ್ಸೆ ಕೊಡಬೇಕು. ನಾಯಿ ಯಾರದೆಂದೇ ಗೊತ್ತಿಲ್ಲದಿದ್ದರೆ ಇವೆರಡೂ ಸಾಧ್ಯವಿಲ್ಲ. ಹೆಚ್ಚು ಅಪಾಯದಲ್ಲಿರುವವರು ನಾಯಿಯ ಮನೆಯವರೇ ಆಗಿದ್ದು, ಅವರಿಗೆ ಸುದ್ದಿಯೇ ತಿಳಿಯದೆ ಹೋಗಬಹುದು.

ಮೈಕ್ರೋಚಿಪ್ ಎಂದರೇನು?

ಹಸು, ಎಮ್ಮೆಗಳ ಕಿವಿಗೆ ಪಶುಪಾಲನಾ ಇಲಾಖೆಯವರು ಹಾಕುವ 12 ಅಂಕಿಗಳ ಹಳದಿ ಓಲೆಯನ್ನು ನೀವು ನೋಡಿದ್ದೀರಿ. ನಾಯಿಗೆ ಹಾಕುವ ಮೈಕ್ರೋಚಿಪ್ ಅಂಥದ್ದೇ ಒಂದು ಗುರುತು, ಆದರೆ ಕಣ್ಣಿಗೆ ಕಾಣುವುದಿಲ್ಲ. ಅಕ್ಕಿಕಾಳಿನಷ್ಟು ಗಾತ್ರದ ಗಾಜಿನ ಕೊಳವೆಯೊಳಗೆ ಇದು ಇರುತ್ತದೆ. ಪಶುವೈದ್ಯರು ದಪ್ಪ ಸೂಜಿಯ ಮೂಲಕ ನಾಯಿಯ ಎರಡು ಭುಜಗಳ ನಡುವೆ, ಚರ್ಮದ ಅಡಿಯಲ್ಲಿ ಇದನ್ನು ಸೇರಿಸುತ್ತಾರೆ. ನೋವು ಚುಚ್ಚುಮದ್ದಿನಷ್ಟೇ, ಅರಿವಳಿಕೆ ಬೇಕಿಲ್ಲ.

ಚಿಪ್‌ಗೆ ಬ್ಯಾಟರಿ ಇಲ್ಲ. ಸ್ಕ್ಯಾನರ್ ಯಂತ್ರವನ್ನು ಹತ್ತಿರ ಹಿಡಿದಾಗ ಅದರ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು ತನ್ನ 15 ಅಂಕಿಗಳ ಸಂಖ್ಯೆಯನ್ನು ತಿಳಿಸುತ್ತದೆ. ಅದರಲ್ಲಿರುವುದು ಸಂಖ್ಯೆ ಮಾತ್ರ. ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಲಸಿಕೆಯ ವಿವರ ಇರುವುದು ಆ ಸಂಖ್ಯೆಯ ಎದುರು ಬರೆದಿಟ್ಟ ದಾಖಲೆಯಲ್ಲಿ. ಮನೆ ಬದಲಾಯಿಸಿದಾಗ ಆ ದಾಖಲೆ ತಿದ್ದಿಸದಿದ್ದರೆ ಚಿಪ್ ಇದ್ದೂ ಇಲ್ಲದಂತೆ.

ಕೊರಳಪಟ್ಟಿ ಸಾಲದೇ ಎಂದು ನೀವು ಕೇಳಬಹುದು. ಕೊರಳಪಟ್ಟಿ ಕಳಚಿ ಬೀಳುತ್ತದೆ, ಕದ್ದವರು ಬಿಚ್ಚಿ ಎಸೆಯುತ್ತಾರೆ. ಲಸಿಕೆಯ ಪುಸ್ತಕದಲ್ಲಿ ‘ಕಂದು ಬಣ್ಣ, ಗಂಡು’ ಎಂದಷ್ಟೇ ಬರೆದಿದ್ದರೆ ಅದು ಇದೇ ನಾಯಿಯದೆಂದು ಹೇಳುವುದು ಹೇಗೆ? ಚಿಪ್ ಸಂಖ್ಯೆಯನ್ನೂ ಬರೆಸಿದಾಗ ಆ ಪುಸ್ತಕಕ್ಕೆ ಬೆಲೆ ಬರುತ್ತದೆ. ಯೂರೋಪಿನ ಒಕ್ಕೂಟದ ದೇಶಗಳಿಗೆ ನಾಯಿಯನ್ನು ಕೊಂಡೊಯ್ಯಬೇಕಾದರೆ ಮೊದಲು ಚಿಪ್, ನಂತರವೇ ರೇಬೀಸ್ ಲಸಿಕೆ. ಚಿಪ್‌ಗೆ ಮುನ್ನ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನಲ್ಲಿ 2016ರಿಂದ ನಾಯಿಗಳಿಗೆ ಚಿಪ್ ಕಡ್ಡಾಯ. ನೆರೆಯ ಚೆನ್ನೈ ಮಹಾನಗರ ಪಾಲಿಕೆಯೂ 2025ರಲ್ಲಿ ಸಾಕುನಾಯಿಗಳ ಪರವಾನಗಿಗೆ ಚಿಪ್ ಕಡ್ಡಾಯ ಮಾಡಿತು.

ಚಿಪ್ ಏನು ಮಾಡುವುದಿಲ್ಲ?

ಇದನ್ನೂ ತಿಳಿದಿರಬೇಕು. ಚಿಪ್ ಲಸಿಕೆಯಲ್ಲ, ಅದರಿಂದ ಯಾವ ರೋಗವೂ ತಡೆಯುವುದಿಲ್ಲ. ನಾಯಿ ಎಲ್ಲಿದೆ ಎಂದು ಅದು ಮೊಬೈಲಿನಲ್ಲಿ ತೋರಿಸುವುದೂ ಇಲ್ಲ. ಸ್ಕ್ಯಾನರ್ ಇಲ್ಲದ ದಾರಿಹೋಕನಿಗೆ ಅದು ಕಾಣುವುದಿಲ್ಲ. ಆದ್ದರಿಂದ ಚಿಪ್ ಇದ್ದರೂ ಫೋನ್ ನಂಬರ್ ಬರೆದ ಬಿಲ್ಲೆಯೊಂದು ಕೊರಳಲ್ಲಿರಲಿ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ನಂತರ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ ತಪ್ಪದೆ ಹಾಕಿಸಿ. ಚಿಪ್ ಬಗ್ಗೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ಇಲ್ಲದಿದ್ದರೆ ಮೈಸೂರಿನ ಪಶುವೈದ್ಯರನ್ನು ಕೇಳಿ.

ಕಚ್ಚಿದಾಗ ಕಾಯಬೇಡಿ

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಾಯಿಗೆ ಚಿಪ್ ಇದೆ, ಲಸಿಕೆ ಆಗಿದೆ ಎಂದು ತಿಳಿದರೂ ಚಿಕಿತ್ಸೆ ತಡಮಾಡಬಾರದು. ಹತ್ತು ದಿನ ನಾಯಿಯನ್ನು ನೋಡಿ ಆಮೇಲೆ ಸೂಜಿ ಹಾಕಿಸೋಣ ಎಂಬ ಲೆಕ್ಕಾಚಾರ ಜೀವಕ್ಕೆ ಎರವಾದೀತು. ಚಿಕಿತ್ಸೆ ಇಂದೇ ಆರಂಭವಾಗಲಿ, ನಾಯಿಯ ಮೇಲೆ ನಿಗಾ ಅದರ ಜೊತೆಗೇ ನಡೆಯಲಿ.

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಅರಿಶಿನ ಏನನ್ನೂ ಮೆತ್ತಬೇಡಿ. ನೇರವಾಗಿ ಆಸ್ಪತ್ರೆಗೆ ಬನ್ನಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು ಬಾರಿ. ರಕ್ತ ಬಂದ ಗಾಯವಾದರೆ ಅದರೊಂದಿಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ‘ಲಸಿಕೆ ಆಯಿತಲ್ಲ’ ಎಂದು ಅದನ್ನು ಬಿಡಬೇಡಿ.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆ ಈಗಲೂ ಕೆಲವರನ್ನು ಆಸ್ಪತ್ರೆಯಿಂದ ದೂರ ಇಟ್ಟಿದೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ ನಿಂತು ಎರಡು ದಶಕ ಕಳೆದಿದೆ. ಊಟಿ ರಸ್ತೆ ಹಿಡಿದು ಹೋದರೆ ಸಿಗುವ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾದಾಗ ನಾಯಿ ಕಚ್ಚಿದವರು ಚಿಕಿತ್ಸೆಗಾಗಿ ಬೆಟ್ಟ ಹತ್ತಿ ಹೋಗಬೇಕಿತ್ತು. ಇಂದು ಆ ಪ್ರಯಾಣ ಬೇಕಿಲ್ಲ. ತೋಳಿಗೆ ಕೊಡುವ ಲಸಿಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುತ್ತದೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ನಾಯಿಯ ಲಸಿಕೆಯ ಪುಸ್ತಕ ತೆಗೆದು ಕೊನೆಯ ಲಸಿಕೆಯ ತಾರೀಖು ನೋಡಿ. ವರ್ಷ ದಾಟಿದ್ದರೆ ನಾಳೆಯೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ, ಚಿಪ್ ವಿಚಾರವನ್ನೂ ಅಲ್ಲೇ ಕೇಳಿ. ಪುಸ್ತಕವೇ ಸಿಗದಿದ್ದರೆ ಇನ್ನೂ ಬೇಗ ಹೊರಡಿ.