ಹಳೆಯ ಲಾರಿಯ ಎಂಜಿನ್: ದುರಸ್ತಿಯೋ, ಬದಲಾವಣೆಯೋ?

ಹಳೆಯ ಲಾರಿಯ ಎಂಜಿನ್ ಕೆಟ್ಟು ನಿಂತಾಗ ಪ್ರತಿದಿನವೂ ಮಾಲೀಕರಿಗೆ ನಷ್ಟವೇ. ಈ ಅವಸರದಲ್ಲಿ ಕಡಿಮೆ ದರಪಟ್ಟಿಗೆ ಒಪ್ಪುವುದು ಸಹಜ. ಆದರೆ ಎಂಜಿನ್ ಬಿಚ್ಚಿ ಅಳತೆ ತೆಗೆಯುವ ಮುನ್ನ ಹೇಳಿದ ದರ ಕೇವಲ ಅಂದಾಜು ಎಂಬುದನ್ನು ಮರೆಯಲಾಗದು.

ಬ್ಲಾಕ್ ಬಿರುಕು ಬಿಡದೆ, ಕ್ರ್ಯಾಂಕ್‌ಶಾಫ್ಟ್ ತಯಾರಕರು ಸೂಚಿಸಿದ ಮಿತಿಯೊಳಗೆ ಗ್ರೈಂಡಿಂಗ್‌ಗೆ ಒದಗುವಂತಿದ್ದರೆ ಲೈನರ್, ಪಿಸ್ಟನ್, ಬೇರಿಂಗ್‌ಗಳನ್ನು ಬದಲಿಸಿ ಪುನರ್‌ನಿರ್ಮಿಸುವುದು ಮಿತವ್ಯಯಕರ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ ಖಾತರಿಯುಳ್ಳ ಬದಲಿ ಎಂಜಿನ್ ಲೇಸು. ಯಾವ ಮಾರ್ಗ ಹಿಡಿದರೂ ರೇಡಿಯೇಟರ್, ಆಯಿಲ್ ಕೂಲರ್, ಡೀಸೆಲ್ ಪಂಪುಗಳನ್ನು ಪರೀಕ್ಷಿಸತಕ್ಕದ್ದು; ಕೆಡಲು ಕಾರಣವಾದ ದೋಷ ಉಳಿದರೆ ಹೊಸ ಎಂಜಿನ್ನಿಗೂ ಅದೇ ಗತಿ.

ವೆಚ್ಚವನ್ನು ದುಡಿಮೆಯ ತಿಂಗಳುಗಳಿಂದ ಭಾಗಿಸಿ ನೋಡಬೇಕು. ಉದಾಹರಣೆಗೆ, 1.5 ಲಕ್ಷ ರೂ. ದುರಸ್ತಿ 15 ತಿಂಗಳು ಬಾಳಿದರೆ ತಿಂಗಳಿಗೆ 10,000 ರೂ.; 3 ಲಕ್ಷದ ಎಂಜಿನ್ 50 ತಿಂಗಳು ಬಾಳಿದರೆ 6,000 ರೂ. ಮಾತ್ರ. ಆದರೆ ಚಾಸಿಸ್, ಗೇರ್‌ಬಾಕ್ಸ್‌ಗಳೂ ಅಷ್ಟು ಕಾಲ ಬಾಳಬೇಕಷ್ಟೆ.

ಗುಜರಿ ಎಂಜಿನ್ ಕೊಳ್ಳುವವರು ರಸೀದಿಯನ್ನೂ ಮೂಲ ವಾಹನದ ದಾಖಲೆಯನ್ನೂ ಪಡೆಯಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಪ್ರಕರಣದಂತೆ ನೋಂದಣಿ ಪ್ರಾಧಿಕಾರದ ಮೂಲಕ ಹೊಸ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳದಿದ್ದರೆ, ಅರ್ಹತಾ ಪತ್ರ ಹಾಗೂ ವಿಮಾ ಪರಿಹಾರದ ವೇಳೆ ತೊಡಕು ತಪ್ಪಿದ್ದಲ್ಲ.