ಹೆಪ್ಪುಗಟ್ಟಿದ ಕದ

‘ಹೆಪ್ಪುಗಟ್ಟು’ ಎಂಬ ಮಾತು ನಮಗೆ ಹಾಲಿನ ಪಾತ್ರೆಯಿಂದ ಬಂದದ್ದು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವೈದ್ಯನಾಗಿರುವ, ರಾಣೆಬೆನ್ನೂರಿನ ನನ್ನ ಹಳೆಯ ಶಿಷ್ಯನು ಅದನ್ನು ಕಾರಿಗೆ ಹೇಳುತ್ತಾನೆ. ಹಗಲು ಕರಗಿದ ಹಿಮದ ನೀರು ಬಾಗಿಲಂಚಿನ ರಬ್ಬರಿಗೆ ಇಳಿದು, ಇರುಳು 0 ಡಿಗ್ರಿಗಿಂತ ಕೆಳಗಾದೊಡನೆ ಗಡ್ಡೆಯಾಗಿ, ಕದವನ್ನು ಬೆಸೆದುಬಿಡುತ್ತದಂತೆ. ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳಲ್ಲಿಯೂ ನೀರು ಗಡ್ಡೆಕಟ್ಟದು. ಈ ಸೀಮೆಯವರಿಗೆ ಅದರ ಪರಿಯೇ ಬೇರೆ.

ಹಾವೇರಿಯ ಅಜ್ಜಿ ಫೋನಿನಲ್ಲಿ, “ಬಿಸಿನೀರು ಹೊಯ್ಯೋ ತಮ್ಮಾ” ಎಂದರಂತೆ. ಹೊಯ್ದರೆ ಗಾಜು ಸೀಳೀತು. ಆ ನೀರೇ ಮರಳಿ ಗಡ್ಡೆಯಾದೀತು. ಸೆಳೆದರೆ ರಬ್ಬರು ಹರಿದೀತು. ಮೈಭಾರವಿಟ್ಟು ಬಾಗಿಲನ್ನು ಒಳಕ್ಕೇ ಒತ್ತಬೇಕು. ಗಡ್ಡೆ ಬಿರಿದ ಮೇಲೆ ತೆರೆಯಬೇಕು. ಆಷಾಢದ ಮಳೆಗೆ ಉಬ್ಬಿದ ಮರದ ಕದವನ್ನು ಎಳೆದೇ ಬಲ್ಲ ನಮಗೆ ಇದು ವಿಪರೀತವೇ ಸರಿ.

ಅಂದು ಅವನ ರೋಗಿ ಶಸ್ತ್ರಚಿಕಿತ್ಸೆಗೆ ಕಾದಿದ್ದನು. ನಾಲ್ಕನೆಯ ಸಲ ಒತ್ತಿದಾಗ ಗಡ್ಡೆ ಬಿರಿಯಿತು.