ಸಾಮರ್ಥ್ಯ ಹೆಚ್ಚಿದರೆ ಧ್ವನಿ ಸುಧಾರಿಸುವುದೇ? ಆಂಪ್ಲಿಫೈಯರ್ ಬ್ರಿಡ್ಜಿಂಗ್ ಮೂಲಕ ಒಂದು ಪಾಠ

ಹತ್ತನೆಯ ತರಗತಿಗೆ ವಿದ್ಯುತ್ ಸಾಮರ್ಥ್ಯದ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ, "ಸರ್, ಸ್ಟೀರಿಯೊ ಆಂಪ್ಲಿಫೈಯರ್ ಬ್ರಿಡ್ಜ್ ಮಾಡಿದರೆ ಮನೆಯಲ್ಲಿ ಹಾಡು ಇನ್ನೂ ಚೆನ್ನಾಗಿ ಕೇಳುತ್ತಂತೆ, ಹೌದಾ?" ಎಂದು ಕೇಳಿದ. ಅಂದು ಕಲಿಸಿದ ಸೂತ್ರದಲ್ಲೇ ಇದಕ್ಕೆ ಉತ್ತರವಿದ್ದುದರಿಂದ ಮುಂದಿನ ಅವಧಿಯ ಪಾಠಯೋಜನೆಯನ್ನು ಈ ಪ್ರಶ್ನೆಯ ಮೇಲೆಯೇ ರೂಪಿಸಿದೆ.

ಸ್ಟೀರಿಯೊ ಆಂಪ್ಲಿಫೈಯರ್‌ನಲ್ಲಿ ಎಡ, ಬಲ ಎಂಬ ಎರಡು ಚಾನೆಲ್‌ಗಳಿರುತ್ತವೆ. ಬ್ರಿಡ್ಜ್ ಮಾಡಿದಾಗ ಎರಡೂ ಒಂದೇ ಸ್ಪೀಕರ್‌ಗೆ ದುಡಿಯುತ್ತವೆ. ಗರಗಸದ ಎರಡು ತುದಿ ಹಿಡಿದವರಲ್ಲಿ ಒಬ್ಬ ಎಳೆದಾಗ ಇನ್ನೊಬ್ಬ ನೂಕುವಂತೆ, ಒಂದು ಚಾನೆಲ್ ಧನ ದಿಕ್ಕಿಗೆ ಹೋದಾಗ ಇನ್ನೊಂದು ಋಣ ದಿಕ್ಕಿಗೆ ಹೋಗುತ್ತದೆ. ಆದ್ದರಿಂದ ಸ್ಪೀಕರ್‌ಗೆ ಸಿಗುವ ವಿಭವಾಂತರ ಇಮ್ಮಡಿಯಾಗುತ್ತದೆ.

ಕಪ್ಪುಹಲಗೆಯ ಮೇಲೆ ಮಾಡಿಸಿದ ಲೆಕ್ಕ ಹೀಗಿದೆ:

ಒಂದು ಚಾನೆಲ್: 20 ವೋಲ್ಟ್, 8 ಓಮ್. ಪ್ರವಾಹ 2.5 ಆಂಪಿಯರ್, ಸಾಮರ್ಥ್ಯ 50 ವ್ಯಾಟ್.
ಬ್ರಿಡ್ಜ್ ಮಾಡಿದಾಗ: 40 ವೋಲ್ಟ್, 8 ಓಮ್. ಪ್ರವಾಹ 5 ಆಂಪಿಯರ್, ಸಾಮರ್ಥ್ಯ 200 ವ್ಯಾಟ್.

ಸಾಮರ್ಥ್ಯ ನಾಲ್ಕು ಪಟ್ಟಾಯಿತೆಂದು ಮಕ್ಕಳು ಹಿಗ್ಗಿದರು. ಆಗ ಪ್ರತಿ ಚಾನೆಲ್‌ನ ಪಾಲನ್ನು ಲೆಕ್ಕ ಹಾಕಲು ಹೇಳಿದೆ. 20 ವೋಲ್ಟ್‌ಗೆ 5 ಆಂಪಿಯರ್ ಎಂದರೆ ಪ್ರತಿ ಚಾನೆಲ್ ಎದುರಿಸುವ ರೋಧ 4 ಓಮ್ ಮಾತ್ರ. ಪ್ರವಾಹ ಇಮ್ಮಡಿಯಾದಂತೆ ಬಿಸಿಯೂ ಹೆಚ್ಚುತ್ತದೆ, ಧ್ವನಿಯ ವಿರೂಪವೂ ಹೆಚ್ಚಬಹುದು. ವಿದ್ಯುತ್ ಪೂರೈಕೆಯ ಮಿತಿಯಿಂದಾಗಿ ಪೂರ್ತಿ ನಾಲ್ಕು ಪಟ್ಟು ಸಿಗುವುದೂ ಅಪರೂಪ.

ಇನ್ನು ಕಿವಿಯ ಲೆಕ್ಕ. ನಾಲ್ಕು ಪಟ್ಟು ಸಾಮರ್ಥ್ಯವೆಂದರೆ 6 ಡೆಸಿಬೆಲ್ ಏರಿಕೆ. ಸದ್ದು ಇಮ್ಮಡಿಯಾದಂತೆ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಸಾಮರ್ಥ್ಯ ಬೇಕು. ಮನೆಯ ಕೋಣೆಯಲ್ಲಿ ಹಿತವಾಗಿ ಕೇಳಲು ಸಾಮಾನ್ಯವಾಗಿ ಸರಾಸರಿ ಒಂದೆರಡು ವ್ಯಾಟ್ ಸಾಕು. ದೊಡ್ಡ ಸಭಾಂಗಣದಲ್ಲಿ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ ಧ್ವನಿ ಒಡೆಯುತ್ತಿದ್ದರೆ ಬ್ರಿಡ್ಜಿಂಗ್ ಉಪಯುಕ್ತ. ಮನೆಯಲ್ಲಿ ಅದು ಧ್ವನಿಯ ಗುಣಮಟ್ಟವನ್ನು ಸುಧಾರಿಸುವುದಿಲ್ಲ. ಮೇಲಾಗಿ ಒಂದು ಆಂಪ್ಲಿಫೈಯರ್ ಒಂದೇ ಚಾನೆಲ್ ಆಗುವುದರಿಂದ ಸ್ಟೀರಿಯೊ ಬೇಕೆಂದರೆ ಎರಡು ಕೊಳ್ಳಬೇಕು.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಅಂಶಗಳು ಎರಡು. ಸ್ಪೀಕರ್‌ನ ತಡೆ ಆವೃತ್ತಿಗೆ ತಕ್ಕಂತೆ ಬದಲಾಗುತ್ತದೆ. ಈ ತರಗತಿಗೆ ಅದನ್ನು ಸ್ಥಿರ ರೋಧವೆಂದು ಭಾವಿಸಿದರೆ ಸಾಕು. ಪಾಠ ಲೆಕ್ಕದಲ್ಲೇ ಮುಗಿಯಲಿ, ಜೋಡಿಸಿ ತೋರಿಸುವುದು ಬೇಡ. ಬ್ರಿಡ್ಜಿಂಗ್ ಸೌಲಭ್ಯವಿಲ್ಲದ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಮಕ್ಕಳು ಮನೆಯಲ್ಲೂ ಪ್ರಯತ್ನಿಸದಂತೆ ಎಚ್ಚರಿಸಬೇಕು.

ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆ: "ಇದೇ ಆಂಪ್ಲಿಫೈಯರ್ ಬ್ರಿಡ್ಜ್ ಮಾಡಿ 4 ಓಮ್ ಸ್ಪೀಕರ್ ಜೋಡಿಸಿದರೆ ಪ್ರತಿ ಚಾನೆಲ್ ಎದುರಿಸುವ ರೋಧವೆಷ್ಟು? ಇದು ಏಕೆ ಅಪಾಯಕಾರಿ?" 2 ಓಮ್ ಎಂದಷ್ಟೇ ಬರೆದವರಿಗೆ ಅರ್ಧ ಅಂಕ, ಪ್ರವಾಹ 10 ಆಂಪಿಯರ್‌ಗೆ ಏರುತ್ತದೆಂದು ವಿವರಿಸಿದವರಿಗೆ ಪೂರ್ಣ ಅಂಕ.